ರಿಪೋರ್ಟ್ ನಾರ್ಮಲ್, ಸುಸ್ತು ಮಾತ್ರ ಹಾಗೇ ಇದೆ

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸುತ್ತಿರುವವರು ಆಸ್ಪತ್ರೆಯ ಲ್ಯಾಬ್‌ನಲ್ಲಿ ಬಹುಕಾಲ ಟೆಕ್ನೀಷಿಯನ್ ಆಗಿದ್ದವರು. ಅವರಿಗೂ ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿಯಂಥ ಧಾನ್ಯ ತಿಂದರೆ ಕರುಳು ಹಾಳಾಗುವ ಕಾಯಿಲೆ ಇದೆ.

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 34 ವರ್ಷ. ಏಳೆಂಟು ವರ್ಷದಿಂದ ಹೊಟ್ಟೆ ಸರಿ ಇಲ್ಲ. ಊಟ ಆದ ಸ್ವಲ್ಪ ಹೊತ್ತಿಗೇ ಉಬ್ಬಿಕೊಳ್ಳುತ್ತದೆ, ಸಂಜೆ ಹೊತ್ತಿಗೆ ಹಾಕಿದ ಬಟ್ಟೆ ಬಿಗಿಯಾಗುತ್ತದೆ. ಒಂದು ವಾರ ಭೇದಿ, ಮುಂದಿನ ವಾರ ಮಲಬದ್ಧತೆ. ಬಾಯಿಹುಣ್ಣು ತಪ್ಪಿದ್ದೇ ಇಲ್ಲ. ಹಿಮೋಗ್ಲೋಬಿನ್ 9ರ ಆಸುಪಾಸಿನಲ್ಲೇ ಇರುತ್ತದೆ. ಐರನ್ ಮಾತ್ರೆ ತಿಂದರೆ ಸ್ವಲ್ಪ ಏರುತ್ತದೆ, ಬಿಟ್ಟರೆ ಮತ್ತೆ ಇಳಿಯುತ್ತದೆ. ಎಷ್ಟು ಮಲಗಿದರೂ ಸುಸ್ತು ಹೋಗಲ್ಲ. ಸ್ಕ್ಯಾನ್, ಥೈರಾಯ್ಡ್, ಲಿವರ್, ಕಿಡ್ನಿ, ಮಲಪರೀಕ್ಷೆ ಎಲ್ಲ ನಾರ್ಮಲ್. ಒಬ್ಬ ಡಾಕ್ಟರು ಐಬಿಎಸ್ (ಪರೀಕ್ಷೆಗಳಲ್ಲಿ ಏನೂ ಕಾಣದ ಕರುಳಿನ ತೊಂದರೆ) ಅಂದರು, ಇನ್ನೊಬ್ಬರು ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಅಂದರು. ಮನೆಯಲ್ಲಿ, ‘ರಿಪೋರ್ಟ್‌ನಲ್ಲಿ ಏನೂ ಇಲ್ಲವಲ್ಲ, ನೀನೇ ಸುಮ್ನೆ ಯೋಚನೆ ಮಾಡ್ತೀಯ’ ಅಂತಾರೆ. ಈಗೀಗ ನನಗೂ ಹಾಗೇ ಇರಬಹುದು ಅನ್ನಿಸುತ್ತಿದೆ. ಗೋಧಿಯಿಂದ ಹೀಗೆ ಆಗಬಹುದು ಎಂದು ಎಲ್ಲೋ ಓದಿದೆ. ಬರುವ ಸೋಮವಾರದಿಂದ ಗೋಧಿ ಪೂರ್ತಿ ಬಿಡೋಣ ಎಂದುಕೊಂಡಿದ್ದೇನೆ. ಬಿಡಲಾ? (ಹೆಸರು ಬೇಡ)

ಉತ್ತರ: ಈ ಸೋಮವಾರ ಬಿಡಬೇಡಿ. ಮೊದಲು ಒಂದು ರಕ್ತಪರೀಕ್ಷೆ ಆಗಲಿ. ಅದರ ಹೆಸರು ಟಿಟಿಜಿ ಐಜಿಎ, ಸೀಲಿಯಾಕ್ ಕಾಯಿಲೆ ಇದೆಯಾ ಎಂದು ಹುಡುಕುವ ಪರೀಕ್ಷೆ. ಅದರ ಜೊತೆಯಲ್ಲೇ ಟೋಟಲ್ ಐಜಿಎ ಕೂಡ ನೋಡಬೇಕು. ಈ ಎರಡು ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದೆ ಓದಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಹಿಮೋಗ್ಲೋಬಿನ್ ಮೇಲೆ. ಮಾತ್ರೆ ತಿಂದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಹಾಗಾದರೆ ಆ ಕಬ್ಬಿಣ ಎಲ್ಲಿಗೆ ಹೋಗುತ್ತಿದೆ? ಒಂದೋ ಎಲ್ಲೋ ರಕ್ತ ಹೋಗುತ್ತಿರಬೇಕು. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿರಬಹುದು, ಹೊಟ್ಟೆಯೊಳಗೆ ಹುಣ್ಣಿರಬಹುದು. ಇಲ್ಲವೇ ಕರುಳು ಅದನ್ನು ಹೀರಿಕೊಳ್ಳುತ್ತಿಲ್ಲ. ವರ್ಷಗಟ್ಟಲೆ ಮಾತ್ರೆ ಬರೆದುಕೊಟ್ಟವರು ಈ ಪ್ರಶ್ನೆ ಕೇಳಿದ್ದಾರೋ ಇಲ್ಲವೋ, ನೀವು ಕೇಳಲೇಬೇಕು.

ಕಬ್ಬಿಣ ಹೆಚ್ಚಾಗಿ ದೇಹಕ್ಕೆ ಸೇರುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಹೊಟ್ಟೆ ದಾಟಿದ ಕೂಡಲೇ ಸಿಗುವ ಜಾಗದಲ್ಲಿ. ಸೀಲಿಯಾಕ್ ಕಾಯಿಲೆ ಏಟು ಹಾಕುವುದೂ ಮೊದಲು ಅಲ್ಲೇ. ಗೋಧಿ, ಬಾರ್ಲಿ, ರೈ, ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇರುತ್ತದೆ. ಈ ಕಾಯಿಲೆ ಇರುವವರ ದೇಹ ಗ್ಲುಟೆನ್ ಕಂಡೊಡನೆ ತಿರುಗಿಬಿದ್ದು ತನ್ನ ಕರುಳನ್ನೇ ಹೊಡೆಯುತ್ತದೆ. ಇದು ಅಲರ್ಜಿ ಅಲ್ಲ, ಅಜೀರ್ಣವೂ ಅಲ್ಲ. ಸಣ್ಣ ಕರುಳಿನ ಒಳಗೋಡೆ ಟರ್ಕಿ ಟವೆಲ್ ಥರ ಇರುತ್ತದೆ, ತುಂಬಾ ಸಣ್ಣ ಸಣ್ಣ ಎಳೆಗಳು. ಊಟದ ಸಾರ ಹೀರಿಕೊಳ್ಳುವುದು ಆ ಎಳೆಗಳೇ. ಸೀಲಿಯಾಕ್‌ನಲ್ಲಿ ಅವು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ನೀವು ಎಷ್ಟೇ ಒಳ್ಳೆಯದು ತಿನ್ನಿ, ಕಬ್ಬಿಣ, ಫೋಲಿಕ್ ಆಸಿಡ್, ಕ್ಯಾಲ್ಸಿಯಂ, ವಿಟಮಿನ್ ಡಿ ಅರ್ಧಂಬರ್ಧ ಒಳಗೆ ಹೋಗುತ್ತವೆ.

ಹಾಗಾಗಿಯೇ ಈ ಕಾಯಿಲೆ ಹೊಟ್ಟೆಯಲ್ಲೇ ಕಾಣಬೇಕು ಅಂತೇನಿಲ್ಲ. ಒಬ್ಬರಿಗೆ ಬರೀ ರಕ್ತಹೀನತೆ. ಇನ್ನೊಬ್ಬರಿಗೆ ಬಾಯಿಹುಣ್ಣು. ಕೆಲವರಿಗೆ ಕೈಕಾಲು ಜುಮುಗುಡುತ್ತದೆ, ಮೂಳೆ ಸಡಿಲಾಗುತ್ತದೆ, ಲಿವರ್ ಪರೀಕ್ಷೆಯಲ್ಲಿ ಒಂದೆರಡು ಅಂಕಿ ಸುಮ್ನೆ ಏರಿರುತ್ತವೆ, ಮತ್ತೆ ಮತ್ತೆ ಗರ್ಭ ನಿಲ್ಲದೆ ಹೋಗುತ್ತದೆ. ಮೊಣಕೈ, ಮೊಣಕಾಲಿನ ಮೇಲೆ ತಡೆಯಲಾಗದಷ್ಟು ತುರಿಸುವ ಸಣ್ಣ ಗುಳ್ಳೆಗಳು ಏಳುವುದೂ ಇದರ ಒಂದು ರೂಪವೇ. ತೆಳ್ಳಗಿದ್ದವರಿಗೆ ಮಾತ್ರ ಬರುತ್ತದೆ ಎನ್ನುವುದೂ ತಪ್ಪು. ಮೈ ತುಂಬಿಕೊಂಡವರಿಗೂ ಬರುತ್ತದೆ. ಲೋಕದಲ್ಲಿ ಸುಮಾರು 100 ಜನರಲ್ಲಿ ಒಬ್ಬರಿಗೆ ಇದೆ ಎಂದು ಲೆಕ್ಕ. ಅವರಲ್ಲಿ ಬಹಳ ಮಂದಿಗೆ ತಮಗೆ ಇದೆ ಎಂಬುದೇ ಗೊತ್ತಿಲ್ಲ.

ಈಗ ಆ ‘ಎಲ್ಲ ನಾರ್ಮಲ್’ ವಿಷಯಕ್ಕೆ ಬರುತ್ತೇನೆ. ನನಗೆ ಇದರ ಬಗ್ಗೆ ಹೇಳಲು ಜಾಸ್ತಿ ಇದೆ.

ಲ್ಯಾಬ್‌ನಲ್ಲಿ ನಾವು ನೋಡುವುದು ಫಾರಂನಲ್ಲಿ ಟಿಕ್ ಹಾಕಿದ್ದನ್ನು ಮಾತ್ರ. ಥೈರಾಯ್ಡ್ ಅಂತ ಬರೆದಿದ್ದರೆ ಥೈರಾಯ್ಡ್. ನಿಮ್ಮ ರಕ್ತದ ಟ್ಯೂಬ್ ನನ್ನ ಕೈಯಲ್ಲೇ ಇದ್ದರೂ ಕೇಳದ ಪರೀಕ್ಷೆಯನ್ನು ನಾನು ಮಾಡುವಂತಿಲ್ಲ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಆ ಎಳೆಗಳು ಕಾಣುವುದೇ ಇಲ್ಲ, ಅವು ಒಂದು ಮಿಲಿಮೀಟರಿಗಿಂತ ಚಿಕ್ಕವು. ಮಾಮೂಲಿ ಮಲಪರೀಕ್ಷೆ ಹುಡುಕುವುದು ಹುಳ, ರಕ್ತ, ಸೋಂಕು. ಅಂದರೆ ನಿಮ್ಮ ರಿಪೋರ್ಟ್‌ಗಳು ಸುಳ್ಳು ಹೇಳಿಲ್ಲ. ಸೀಲಿಯಾಕ್ ಇದೆಯಾ ಎಂದು ಅವುಗಳನ್ನು ಯಾರೂ ಕೇಳಲೇ ಇಲ್ಲ, ಅಷ್ಟೇ.

ಕೇಳಿದ ಪರೀಕ್ಷೆಯೂ ಕೆಲವು ಸಲ ವಿಷಯ ಮುಚ್ಚಿಡುತ್ತದೆ. ನನ್ನದೇ ಹೇಳುತ್ತೇನೆ. ನನಗೂ ವರ್ಷಗಟ್ಟಲೆ ಸುಸ್ತು, ಹೊಟ್ಟೆ ಉಬ್ಬರ, ಹಿಮೋಗ್ಲೋಬಿನ್ ಕಡಿಮೆ. ರಕ್ತದ ರಿಪೋರ್ಟ್‌ನಲ್ಲಿ ಎಂಸಿವಿ ಅಂತ ಒಂದು ಅಂಕಿ ಇರುತ್ತದೆ, ಕೆಂಪುಕಣಗಳ ಸರಾಸರಿ ಗಾತ್ರ. ಕಬ್ಬಿಣ ಕಡಿಮೆ ಇದ್ದರೆ ಅದು ಇಳಿಯಬೇಕು. ನನ್ನದು ಮಾತ್ರ ಸರಿಯಾಗಿಯೇ ಇರುತ್ತಿತ್ತು. ‘ಕಬ್ಬಿಣದ ಕೊರತೆ ಅಂಥದ್ದೇನಿಲ್ಲ’ ಎಂದು ಅಲ್ಲಿಗೇ ಬಿಡುತ್ತಿದ್ದರು.

ಒಮ್ಮೆ ನಮ್ಮ ಹಿರಿಯ ಪೆಥಾಲಜಿಸ್ಟ್ ಒಬ್ಬರು ಮಿಷಿನ್ ಕೊಟ್ಟ ಅಂಕಿ ಬಿಟ್ಟು ನನ್ನ ರಕ್ತದ ಸ್ಲೈಡನ್ನೇ ಮೈಕ್ರೋಸ್ಕೋಪ್ ಕೆಳಗೆ ಇಟ್ಟರು. ಆಮೇಲೆ ನನ್ನನ್ನು ಕರೆದು ನೋಡು ಅಂದರು. ಆರೋಗ್ಯವಾದ ಕೆಂಪುಕಣದ ನಡುವೆ ಮೂರನೇ ಒಂದು ಭಾಗ ಮಾತ್ರ ತಿಳಿಯಾಗಿರುತ್ತದೆ. ಇಲ್ಲಿ ಕೆಲವು ಕಣ ಪುಟ್ಟದಾಗಿ, ನಡುವೆಲ್ಲ ಬಿಳಿಚಿ, ಅಂಚಿನಲ್ಲಿ ತೆಳ್ಳನೆ ಬಣ್ಣ ಮಾತ್ರ ಉಳಿಸಿಕೊಂಡಿದ್ದವು. ಅದು ಕಬ್ಬಿಣದ ಕೊರತೆ. ಅವುಗಳ ಪಕ್ಕದಲ್ಲೇ ದೊಡ್ಡ ದೊಡ್ಡ ಕಣಗಳು. ಅದು ಫೋಲಿಕ್ ಆಸಿಡ್ ಕೊರತೆ. ಪುಟ್ಟದ್ದೂ ದೊಡ್ಡದ್ದೂ ಸೇರಿ ಸರಾಸರಿ ಸರಿಯಾಗಿ ಬಂದುಬಿಡುತ್ತಿತ್ತು! ಕಣಗಳ ಗಾತ್ರ ಎಷ್ಟು ಹೆಚ್ಚುಕಡಿಮೆ ಇದೆ ಎಂದು ಹೇಳುವ ಆರ್‌ಡಿಡಬ್ಲ್ಯು ಅಂಕಿ ಏರಿತ್ತು, ಅದನ್ನು ಯಾರೂ ಗಮನಿಸಿರಲಿಲ್ಲ. ಒಂದೆರಡು ಕಣಗಳೊಳಗೆ ಗಾಢ ಬಣ್ಣದ ಚುಕ್ಕಿಯೂ ಇತ್ತು. ಗುಲ್ಮ (ಸ್ಪ್ಲೀನ್) ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಆ ಚುಕ್ಕಿಯನ್ನು ತೆಗೆದುಹಾಕಿರುತ್ತದೆ. ಸೀಲಿಯಾಕ್ ಇರುವ ಕೆಲವರಲ್ಲಿ ಗುಲ್ಮ ಮಂಕಾಗುತ್ತದೆ. ‘ನಿನಗೆ ಟಿಟಿಜಿ ಮಾಡಿದ್ದಾರಾ ಯಾರಾದರೂ?’ ಎಂದು ಅವರು ಕೇಳಿದರು. ಯಾರೂ ಮಾಡಿರಲಿಲ್ಲ.

ನಿಮ್ಮ ಹಳೆಯ ರಿಪೋರ್ಟ್‌ಗಳಲ್ಲೂ ಎಂಸಿವಿ, ಆರ್‌ಡಿಡಬ್ಲ್ಯು ಎರಡನ್ನೂ ನೋಡಿ. ಅವೆರಡೇ ಸೀಲಿಯಾಕ್ ಎಂದು ಹೇಳಲಾರವು. ಆದರೆ ಡಾಕ್ಟರ ಮುಂದೆ ಇಡಲು ಒಂದು ಮಾತು ಸಿಗುತ್ತದೆ.

ಡಾಕ್ಟರುಗಳ ಮೇಲೆ ನನಗೆ ಕೋಪ ಇಲ್ಲ. ಈ ಕಾಯಿಲೆಯ ತಿಳಿವಳಿಕೆಯೇ ತಡವಾಗಿ ಬಂದದ್ದು. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಇದನ್ನು ವಿವರಿಸಿ, ವಾಸಿಯಾಗುವುದಿದ್ದರೆ ಆಹಾರದಿಂದಲೇ ಆಗಬೇಕು ಎಂದರು. ಯಾವ ಆಹಾರ ಎಂದು ಅವರಿಗೆ ಗೊತ್ತಾಗಲಿಲ್ಲ. ಅದನ್ನು ಹಿಡಿದವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಗೋಧಿಯ ಮೇಲೆ ಅವರಿಗೆ ಮೊದಲೇ ಅನುಮಾನ ಇತ್ತು. 1944–45ರ ಚಳಿಗಾಲದಲ್ಲಿ, ಯುದ್ಧದ ಬರಗಾಲ ಬಂದು ಬ್ರೆಡ್ಡೇ ಸಿಗದಂತಾದಾಗ, ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ವಾಪಸ್ ಬಂದ ಮೇಲೆ ಮತ್ತೆ ಹಾಸಿಗೆ ಹಿಡಿದರು. ಇನ್ನು ರಕ್ತದಲ್ಲಿ ಏನನ್ನು ಹುಡುಕಬೇಕು ಎಂದು ಸರಿಯಾಗಿ ತಿಳಿದದ್ದು 1997ರಲ್ಲಿ. ಅದಕ್ಕೆ ಮೊದಲು ಓದಿದ ಎಷ್ಟೋ ಡಾಕ್ಟರುಗಳ ಮನಸ್ಸಿನಲ್ಲಿ ಇದು ಇವತ್ತಿಗೂ ಸೊರಗಿದ ಪುಟ್ಟ ಮಕ್ಕಳ ಕಾಯಿಲೆ. ದೊಡ್ಡವರೊಬ್ಬರು ಎದುರು ಕೂತು ಸುಸ್ತು ಅಂದರೆ ಅವರಿಗೆ ಇದು ನೆನಪಾಗುವುದಿಲ್ಲ. ನೀವೇ ನೆನಪಿಸಬೇಕು. ‘ಐರನ್ ಮಾತ್ರೆ ನಿಲ್ಲಿಸಿದ ಕೂಡಲೇ ಹಿಮೋಗ್ಲೋಬಿನ್ ಇಳಿಯುತ್ತೆ, ಹೊಟ್ಟೆಯೂ ಸರಿ ಇಲ್ಲ, ಟಿಟಿಜಿ ಒಮ್ಮೆ ನೋಡಬಹುದಾ?’ ಇಷ್ಟೇ ಸಾಕು. ನನ್ನ ಅನುಭವದಲ್ಲಿ, ‘ನನಗೆ ಸೀಲಿಯಾಕ್ ಇದೆ’ ಎಂದು ಹೇಳಿದರೆ ಡಾಕ್ಟರು ವಾದಕ್ಕೆ ಇಳಿಯುತ್ತಾರೆ. ‘ಇರಬಹುದಾ’ ಎಂದು ಕೇಳಿದರೆ ಪೆನ್ನು ತೆಗೆಯುತ್ತಾರೆ.

ಗೋಧಿ ಯಾಕೆ ಬಿಡಬಾರದು ಅಂದರೆ, ಈ ಪರೀಕ್ಷೆ ಹುಡುಕುವುದು ಗ್ಲುಟೆನ್ ತಿಂದಾಗ ದೇಹ ತಯಾರಿಸುವ ಆಂಟಿಬಾಡಿಯನ್ನು. ಗೋಧಿ ನಿಲ್ಲಿಸಿದರೆ ಅದು ನಿಧಾನಕ್ಕೆ ಇಳಿಯುತ್ತದೆ. ಕರುಳೂ ಮಾಯುತ್ತಾ ಬರುತ್ತದೆ. ಆಗ ಪರೀಕ್ಷೆ ‘ಇಲ್ಲ’ ಎಂದು ಬರುತ್ತದೆ, ಕಾಯಿಲೆ ಮಾತ್ರ ಇರುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಪ್ರಕಾರ, ಪರೀಕ್ಷೆಗೆ ಮೊದಲು ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗ್ಲುಟೆನ್ ಇರುವ ಆಹಾರ ತಿನ್ನುತ್ತಿರಬೇಕು. ಟೋಟಲ್ ಐಜಿಎ ಯಾಕೆ ಬೇಕು ಎಂದರೆ, ಸೀಲಿಯಾಕ್ ಇರುವವರಲ್ಲಿ ಶೇ 2–3 ಮಂದಿಯ ದೇಹದಲ್ಲಿ ಐಜಿಎ ಬಗೆಯ ಆಂಟಿಬಾಡಿ ತಯಾರಾಗುವುದೇ ಇಲ್ಲ. ಅವರ ಟಿಟಿಜಿ ಐಜಿಎ ಸುಮ್ನೆ ನೆಗೆಟಿವ್ ಬರುತ್ತದೆ. ಅಂಥವರಿಗೆ ಐಜಿಜಿ ಬಗೆಯ ಪರೀಕ್ಷೆ ಮಾಡಬೇಕು.

ರಕ್ತಪರೀಕ್ಷೆ ಪಾಸಿಟಿವ್ ಬಂದರೂ ಗೋಧಿ ಬಿಡಲು ಅವಸರ ಬೇಡ. ದೊಡ್ಡವರಿಗೆ ಸಾಮಾನ್ಯವಾಗಿ ಬಾಯಿಯಿಂದ ಕ್ಯಾಮೆರಾ ಇಳಿಸಿ ಎಂಡೋಸ್ಕೋಪಿ ಮಾಡುತ್ತಾರೆ, ಸಣ್ಣ ಕರುಳಿನಿಂದ ತುಣುಕು ತೆಗೆಯುತ್ತಾರೆ. ಮೊದಲೇ ಒಂದು ಮಾತು ಕೇಳಿಡಿ: ‘ಕಣ್ಣಿಗೆ ಚೆನ್ನಾಗಿ ಕಂಡರೂ ಸಣ್ಣ ಕರುಳಿನಿಂದ ತುಣುಕು ತೆಗೆಯುತ್ತೀರಲ್ಲಾ?’ ಯಾಕೆಂದರೆ ಸವೆತ ಅಲ್ಲಲ್ಲಿ ಮಾತ್ರ ಇರಬಹುದು, ಕ್ಯಾಮೆರಾಕ್ಕೆ ಕಾಣದೆಯೂ ಇರಬಹುದು. ಅದಕ್ಕೇ ಒಂದೇ ತುಣುಕು ಸಾಲದು, ನಾಲ್ಕಾರು ಬೇಕು. ಬರೀ ಹೊಟ್ಟೆಯಿಂದ ತೆಗೆದ ತುಣುಕು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಪರೀಕ್ಷೆಯಲ್ಲಿ ಸೀಲಿಯಾಕ್ ಇಲ್ಲ ಎಂದೇ ಬರಬಹುದು, ಅದನ್ನೂ ಹೇಳಬೇಕು. ಐಬಿಎಸ್ ಸುಳ್ಳು ಕಾಯಿಲೆ ಅಲ್ಲ, ಅದೂ ಜನರನ್ನು ಹಣ್ಣು ಮಾಡುತ್ತದೆ. ಹಾಲು ಆಗದಿರುವುದು, ಗಿಯಾರ್ಡಿಯಾ ಸೋಂಕು, ಕ್ರೋನ್ಸ್ ಕಾಯಿಲೆ (ಕರುಳಿನ ಉರಿಯೂತ), ಇವೂ ಹೀಗೇ ಕಾಡುತ್ತವೆ. ಆದರೆ ರಕ್ತ ಕಡಿಮೆ ಯಾಕೆ ಎಂಬುದಕ್ಕೆ ಐಬಿಎಸ್ ಉತ್ತರ ಕೊಡುವುದಿಲ್ಲ. ಹಾಗಾಗಿ ಆ ಪ್ರಶ್ನೆಯನ್ನು ಅರ್ಧಕ್ಕೆ ಬಿಡಬೇಡಿ. ಮಲದಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ (ಐರನ್ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೂ ಹೇಳಿ), ತೂಕ ತಾನಾಗಿ ಇಳಿದರೆ, ಭೇದಿಗೆ ರಾತ್ರಿ ನಿದ್ದೆಯಿಂದ ಏಳಬೇಕಾಗಿ ಬಂದರೆ ಕಾಯಬೇಡಿ, ಬೇಗ ತೋರಿಸಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ನೋವಾಗಿದ್ದು ‘ನನಗೂ ಹಾಗೇ ಇರಬಹುದು ಅನ್ನಿಸುತ್ತಿದೆ’ ಎಂಬ ಸಾಲು. ಹೆಸರಿಲ್ಲದ ಕಾಯಿಲೆಯ ಜೊತೆ ಬದುಕಿದವರಿಗೆ ಅದು ಏನೆಂದು ಗೊತ್ತು. ಎಲ್ಲಿಗೆ ಹೋದರೂ ಮೊದಲು ಟಾಯ್ಲೆಟ್ ಎಲ್ಲಿದೆ ಎಂದು ನೋಡಿಕೊಳ್ಳುವುದು. ಉಬ್ಬಿದ ಹೊಟ್ಟೆ ಕಾಣದಿರಲಿ ಎಂದು ಮಡಿಲ ಮೇಲೆ ಬ್ಯಾಗ್ ಇಟ್ಟುಕೊಂಡು ಕೂರುವುದು. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಸುಸ್ತಾಯಿತು ಎಂದು ಹೇಳಲಾಗದೆ, ಫೋನ್ ನೋಡುವ ಹಾಗೆ ಮಾಡುವುದು. ಹೊರಗೆ ಊಟ ಇದ್ದ ದಿನ ಬೆಳಗಿನಿಂದ ಏನೂ ತಿನ್ನದೆ ಇರುವುದು. ಇಷ್ಟೆಲ್ಲ ಆದ ಮೇಲೂ ‘ನಾನೇ ಸೋಮಾರಿಯೇನೋ’ ಎಂಬ ಅನುಮಾನ. ಮನಸ್ಸು ಕುಗ್ಗಿದೆ ಎಂದು ಹೊಟ್ಟೆ ಕೆಟ್ಟಿತೋ, ಹೊಟ್ಟೆ ಕೆಟ್ಟು ಕೆಟ್ಟು ಮನಸ್ಸು ಕುಗ್ಗಿತೋ ಎಂದು ಯಾರೂ ಕೇಳುವುದಿಲ್ಲ. ಹಿಮೋಗ್ಲೋಬಿನ್ 9 ಇದ್ದವರಿಗೆ ಸುಸ್ತಾಗುತ್ತದೆ. ಅದು ಯೋಚನೆಯಿಂದ ಬಂದದ್ದಲ್ಲ, ದೇಹಕ್ಕೆ ಸಾಕಷ್ಟು ಆಮ್ಲಜನಕ ಹೋಗುತ್ತಿಲ್ಲ. ಮನೆಯವರಿಗೆ ಈ ಒಂದು ಅಂಕಿಯನ್ನೇ ತೋರಿಸಿ. ಡಾಕ್ಟರ ಹತ್ತಿರ ಹೋಗುವಾಗ ‘ಯೋಚನೆ ಮಾಡ್ತೀಯ’ ಎನ್ನುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಅವರು ಆ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರೆ ಮನೆಯಲ್ಲಿ ಅರ್ಧ ಜಗಳ ನಿಲ್ಲುತ್ತದೆ.

ಅಲ್ಲಿಯವರೆಗೆ ಒಂದೊಂದೇ ಪದಾರ್ಥ ಬಿಡುತ್ತಾ ಹೋಗಬೇಡಿ. ಕೊನೆಗೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ, ಕಾರಣವೂ ಸಿಗುವುದಿಲ್ಲ. ಐರನ್ ಮಾತ್ರೆ ಮುಂದುವರಿಸಿ. ಟಿಟಿಜಿಗೆ ರಕ್ತ ಕೊಡುವಾಗಲೇ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಫೋಲೇಟ್, ಬಿ12, ವಿಟಮಿನ್ ಡಿ ಕೂಡ ನೋಡಲು ಕೇಳಿ. ಸೂಜಿ ಒಂದೇ ಸಲ. ಏನು ಬಂತು ಎಂದು ನನಗೆ ಬರೆಯಿರಿ.

ಪ್ರಶ್ನೆ: ನನ್ನ ತಂಗಿಗೆ ಸೀಲಿಯಾಕ್ ಎಂದು ಗೊತ್ತಾಗಿದೆ. ಮನೆಯವರೆಲ್ಲ ಪರೀಕ್ಷೆ ಮಾಡಿಸಿ ಎಂದು ಅವಳು ಹಟ ಹಿಡಿದಿದ್ದಾಳೆ. ನನಗೆ ಏನೂ ತೊಂದರೆ ಇಲ್ಲ, ಗಟ್ಟಿಯಾಗಿದ್ದೇನೆ. ಆದರೂ ಬೇಕಾ?

ಉತ್ತರ: ಬೇಕು. ತಂಗಿ ಹೇಳುವುದು ಸರಿ. ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಈ ಹತ್ತಿರದ ಸಂಬಂಧದಲ್ಲಿ ಸುಮಾರು 10 ಜನರಲ್ಲಿ ಒಬ್ಬರಿಗೆ ಇದು ಕಾಣಿಸುತ್ತದೆ. ತೊಂದರೆಯೇ ಇಲ್ಲದೆ ಒಳಗೊಳಗೇ ಕರುಳು ಸವೆಯುತ್ತಿರಬಹುದು. ಈಗ ನೆಗೆಟಿವ್ ಬಂದರೂ ಮುಂದೆ ಬರಬಾರದು ಅಂತೇನಿಲ್ಲ, ಯಾವ ವಯಸ್ಸಿನಲ್ಲೂ ಶುರುವಾಗಬಹುದು. ನಿಮಗೆ ಟೈಪ್ 1 ಡಯಾಬಿಟಿಸ್ ಅಥವಾ ಆಟೊಇಮ್ಯೂನ್ ಥೈರಾಯ್ಡ್ ತೊಂದರೆ (ದೇಹ ತನ್ನ ಥೈರಾಯ್ಡನ್ನೇ ಹೊಡೆಯುವುದು) ಇದ್ದರೆ ಇನ್ನೂ ಬೇಗ ಮಾಡಿಸಿ, ಇವು ಒಟ್ಟೊಟ್ಟಿಗೆ ಬರುವುದು ಜಾಸ್ತಿ. ಹಾಗೆಯೇ ತಂಗಿಗೆ ಬೆಂಬಲ ಅಂತ ನೀವೂ ಗೋಧಿ ಬಿಟ್ಟಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಪ್ರಶ್ನೆ: ಯಾರನ್ನೂ ಕೇಳದೆ ಒಂದು ವರ್ಷದ ಹಿಂದೆ ಗೋಧಿ ಬಿಟ್ಟೆ. ಹೊಟ್ಟೆ ಎಷ್ಟೋ ಸರಿಹೋಗಿದೆ. ಈಗ ಡಾಕ್ಟರು, ಕಾಯಿಲೆ ಏನೆಂದು ಖಚಿತ ಆಗಬೇಕಾದರೆ ಮತ್ತೆ ಗೋಧಿ ತಿನ್ನಬೇಕು ಅಂತಾರೆ. ಯೋಚಿಸಿದರೇ ಭಯ ಆಗುತ್ತದೆ. ಆರಾಮಾಗಿದ್ದೇನಲ್ಲ, ಹೆಸರು ಯಾಕೆ ಬೇಕು?

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ನರಳಿ ಈಗ ಉಸಿರು ಬಿಟ್ಟವರಿಗೆ ಮತ್ತೆ ಅದೇ ತಿನ್ನಿ ಅಂದರೆ ಯಾರಿಗಾದರೂ ಕಷ್ಟವೇ.

ಆದರೆ ಹೊಟ್ಟೆ ಸರಿಹೋಯಿತು ಅಂದಮಾತ್ರಕ್ಕೆ ಅದು ಸೀಲಿಯಾಕ್ ಎಂದಾಗುವುದಿಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಇನ್ನೊಂದು ಅಂಶ ಇದೆ, ಅದರಿಂದಲೂ ಹಲವರಿಗೆ ಹೊಟ್ಟೆ ಉಬ್ಬುತ್ತದೆ. ಅವರಿಗೆ ಒಂದು ಬಿಸ್ಕತ್ತಿನಿಂದ ಕರುಳಿಗೆ ಏಟು ಬೀಳುವುದಿಲ್ಲ. ಸೀಲಿಯಾಕ್ ಇದ್ದರೆ ಲೆಕ್ಕವೇ ಬೇರೆ. ಜೀವನಪೂರ್ತಿ ಚೂರೂ ಇಲ್ಲದಂತೆ ನೋಡಿಕೊಳ್ಳಬೇಕು. ಗ್ಲುಟೆನ್ ಇಲ್ಲ ಎಂದು ಪೊಟ್ಟಣದ ಮೇಲೆ ಬರೆಯಲು ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಇಟ್ಟಿರುವ ಮಿತಿ ಕೆಜಿಗೆ 20 ಮಿಲಿಗ್ರಾಂ. ಅಷ್ಟು ಬಿಗಿಯಾಗಿರಬೇಕು. ಮೂಳೆಯ ಗಟ್ಟಿತನ ನೋಡಬೇಕು, ಮನೆಯವರೂ ಪರೀಕ್ಷೆ ಮಾಡಿಸಬೇಕು. ಸುಮಾರಾಗಿ ಬಿಟ್ಟಿದ್ದೇನೆ, ಹೊರಗೆ ಹೋದಾಗ ಸ್ವಲ್ಪ ತಿನ್ನುತ್ತೇನೆ ಎನ್ನುವುದು ಒಬ್ಬರಿಗೆ ಏನೂ ಮಾಡದು, ಇನ್ನೊಬ್ಬರಿಗೆ ಹಾನಿ. ನೀವು ಯಾವ ಕಡೆ ಎಂದು ಗೊತ್ತಿರಬೇಕಲ್ವಾ?

ಗೋಧಿ ತಿನ್ನದೆಯೇ ಮಾಡಬಹುದಾದದ್ದು ಒಂದಿದೆ. ಎಚ್‌ಎಲ್‌ಎ ಡಿಕ್ಯು2, ಡಿಕ್ಯು8 ಎಂಬ ಜೀನ್ ಪರೀಕ್ಷೆ. ಎರಡೂ ಇಲ್ಲ ಎಂದು ಬಂದರೆ ಸೀಲಿಯಾಕ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಮತ್ತೆ ಗೋಧಿ ತಿಂದು ನೋಡುವ ಪ್ರಶ್ನೆಯೂ ಇಲ್ಲ. ಇದೆ ಎಂದು ಬಂದರೆ ಗಾಬರಿ ಬೇಡ. 100ರಲ್ಲಿ 30–40 ಜನರಿಗೆ ಈ ಜೀನ್ ಇರುತ್ತದೆ, ಕಾಯಿಲೆ ಬರುವುದು ಅವರಲ್ಲಿ ಕೆಲವರಿಗೆ ಮಾತ್ರ.

ಆಗಲೂ ಡಾಕ್ಟರ ಜೊತೆ ಮಾತಾಡಿ ಸಣ್ಣದಾಗಿ ಶುರು ಮಾಡಬಹುದು. ದಿನಕ್ಕೆ 3 ಗ್ರಾಂ ಗ್ಲುಟೆನ್, ಅಂದರೆ ಒಂದೆರಡು ಸ್ಲೈಸ್ ಬ್ರೆಡ್. ಕನಿಷ್ಠ 2 ವಾರ, ತಡೆದುಕೊಳ್ಳಲು ಆದರೆ 8 ವಾರದವರೆಗೆ. ಗರ್ಭಿಣಿಯಾಗಿದ್ದರೆ, ಆಗುವ ಯೋಚನೆ ಇದ್ದರೆ ಈಗ ಬೇಡ. ಓದಿನ ಪರೀಕ್ಷೆ, ಹೊಸ ಕೆಲಸ, ಪ್ರಯಾಣ ಇರುವ ತಿಂಗಳಲ್ಲೂ ಬೇಡ.

ಅದಕ್ಕೂ ಮೊದಲು ಮನೆಯಲ್ಲಿರುವ ಹಳೆಯ ಫೈಲ್ ತೆಗೆದು ನೋಡಿ. ಗೋಧಿ ತಿನ್ನುತ್ತಿದ್ದ ಕಾಲದಲ್ಲಿ ಯಾವತ್ತಾದರೂ ಎಂಡೋಸ್ಕೋಪಿ ಆಗಿ, ಸಣ್ಣ ಕರುಳಿನಿಂದ ತುಣುಕು ತೆಗೆದಿದ್ದಾರಾ? ಲ್ಯಾಬ್‌ನಲ್ಲಿ ಆ ತುಣುಕುಗಳನ್ನು ಮೇಣದ ಬ್ಲಾಕ್ ಮಾಡಿ ವರ್ಷಗಟ್ಟಲೆ ಇಟ್ಟಿರುತ್ತಾರೆ. ರೋಗಿ ಕೇಳಿದರೆ ಅದರಿಂದ ಹೊಸ ಸ್ಲೈಡ್ ಮಾಡಿ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ. ರಿಪೋರ್ಟ್‌ನ ಮೇಲ್ಗಡೆ ಒಂದು ಬಯಾಪ್ಸಿ ನಂಬರ್ ಇರುತ್ತದೆ. ಆ ನಂಬರ್ ಹೇಳಿ, ಬ್ಲಾಕ್ ಇನ್ನೂ ಇದೆಯಾ ಎಂದು ಕೇಳಿ.